ನಮ್ಮ ದಾರಿಯಲ್ಲಿ ಪೆನ್ಸಿಲ್ ಹಿಡಿದು ಹೋದವರು

ನಮ್ಮ ಕೋಲಾರದ ಹಣೆಬರಹವೇ ಅಷ್ಟು. ಮದ್ರಾಸಿನ ಕಡೆಯಿಂದ ಮೈಸೂರು ಸೀಮೆಗೆ ಯಾರೇ ಬರಲಿ, ನಮ್ಮನ್ನು ಹಾದುಕೊಂಡೇ ಹೋಗ್ತಾರೆ. ಮೊಗಿಲಿ ಘಟ್ಟ, ಪಲಮನೇರು, ನಂಗಲಿ, ಮುಳಬಾಗಿಲು, ಕೋಲಾರ, ಹೊಸಕೋಟೆ. ಇವತ್ತು ಲಾರಿಗಳು ಸಾಲುಗಟ್ಟಿ ಹೋಗೋ ಈ ಹೆದ್ದಾರಿ ಹೊಸದೇನಲ್ಲ. 1791ರ ಫೆಬ್ರವರಿಯಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಟಿಪ್ಪುವಿನ ಕಣ್ತಪ್ಪಿಸಿ ಮೊಗಿಲಿ ಘಟ್ಟ ಹತ್ತಿದ. ಕೋಲಾರ, ಹೊಸಕೋಟೆ ಅವನ ಕೈ ಸೇರಿದವು. ಮಾರ್ಚ್ 21ರ ರಾತ್ರಿ ಬೆಂಗಳೂರು ಕೋಟೆ ಬಿತ್ತು. ಇಷ್ಟನ್ನು ಪಠ್ಯಪುಸ್ತಕದಲ್ಲಿ ಓದಿದ್ದೀವಿ. ಓದದೇ ಇದ್ದದ್ದು ಇನ್ನೊಂದಿದೆ. ಆ ಯುದ್ಧಕ್ಕೆ ಬಂದವರ ಸಾಮಾನಿನಲ್ಲಿ ಫಿರಂಗಿ, ಮದ್ದುಗುಂಡಿನ ಜೊತೆ ಚಿತ್ರದ ಪುಸ್ತಕ, ಪೆನ್ಸಿಲ್, ಬಣ್ಣದ ಪೆಟ್ಟಿಗೆಯೂ ಇದ್ದವು.

ಯುದ್ಧಕ್ಕೆ ಬಂದವನಿಗೆ ಚಿತ್ರ ಯಾಕೆ ಬೇಕು? ಆಗಿನ್ನೂ ಕ್ಯಾಮೆರಾ ಇಲ್ಲ, ಫೋಟೋ ತೆಗೆಯೋ ವಿದ್ಯೆ ಲೋಕಕ್ಕೆ ಗೊತ್ತಾಗಿದ್ದು 1839ರಲ್ಲಿ. ಬೆಟ್ಟದ ಯಾವ ಮಗ್ಗುಲಲ್ಲಿ ಹತ್ತಬಹುದು, ಕೋಟೆ ಗೋಡೆ ಎಲ್ಲಿ ತಗ್ಗಾಗಿದೆ, ಕೆರೆ ಏರಿ ಎಲ್ಲಿಂದ ಎಲ್ಲಿವರೆಗೆ ಇದೆ, ಇದನ್ನೆಲ್ಲ ಕಣ್ಣಲ್ಲಿ ನೋಡಿ ಕೈಯಲ್ಲಿ ಬರೆದೇ ತಿಳಿಸಬೇಕು. ಅದಕ್ಕೇ ಇಂಗ್ಲೆಂಡಿನ ವುಲಿಚ್ ಮಿಲಿಟರಿ ಅಕಾಡೆಮಿಯಲ್ಲಿ ಫಿರಂಗಿ ದಳದ ಹುಡುಗರಿಗೆ ಚಿತ್ರ ಬರೆಯೋದನ್ನೂ ಕಲಿಸ್ತಿದ್ದರು. ಪಾಲ್ ಸ್ಯಾಂಡ್‌ಬಿ ಅನ್ನೋ ದೊಡ್ಡ ಕಲಾವಿದ 1768ರಿಂದ ಸುಮಾರು ಮೂವತ್ತು ವರ್ಷ ಅಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ ಇದು ಡೇಟಾ ಕಲೆಕ್ಷನ್. ಅಂದಚೆಂದ ಆಮೇಲಿನ ಮಾತು.

ಆದರೆ ಕೈ ಪಳಗಿದವರು ಬರೀ ಡೇಟಾಕ್ಕೆ ನಿಲ್ಲಲಿಲ್ಲ. ರಾಬರ್ಟ್ ಹೋಮ್ ಅನ್ನೋ ವೃತ್ತಿಪರ ಕಲಾವಿದ ಅನುಮತಿ ಪಡೆದು ಸೈನ್ಯದ ಜೊತೆ ತಿರುಗಿದ. ಅವನ ಮೈಸೂರು ದೃಶ್ಯಗಳ ಪುಸ್ತಕ 1794ರಲ್ಲಿ ಬಂತು. ಸರ್ವೇ ಅಧಿಕಾರಿ ಕೋಲ್‌ಬ್ರೂಕ್ ಟಿಪ್ಪುವಿನ ನಾಡಿನ ಹನ್ನೆರಡು ನೋಟಗಳನ್ನು ಪ್ರಕಟಿಸಿದ, 'ಸ್ಥಳದಲ್ಲೇ ಬರೆದದ್ದು' ಅನ್ನೋದನ್ನು ಹೆಸರಿನಲ್ಲೇ ಸೇರಿಸಿದ. ಫಿರಂಗಿ ದಳದ ಜೇಮ್ಸ್ ಹಂಟರ್ ಬೆಂಗಳೂರು ಕೋಟೆ, ಅರಮನೆಗಳನ್ನು ಬರೆದು 1792ರಲ್ಲಿ ತೀರಿಕೊಂಡ, ಅವನ ಪುಸ್ತಕ ಬಂದದ್ದು ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ಯುದ್ಧ ಮುಗಿದ ಬೆನ್ನಲ್ಲೇ, 1792ರ ಏಪ್ರಿಲ್‌ನಲ್ಲಿ, ಥಾಮಸ್ ಡೇನಿಯಲ್ ಮತ್ತು ಅವನ ಸೋದರನ ಮಗ ವಿಲಿಯಂ ಮದ್ರಾಸಿನಿಂದ ಹೊರಟು ಬೆಂಗಳೂರು, ಹೊಸೂರು, ರಾಯಕೋಟೆ ಎಲ್ಲ ಸುತ್ತಿದರು. ಇಂಡಿಯಾದ ಬಗ್ಗೆ ಅವರು ತಂದ 144 ಚಿತ್ರಗಳ ಮಾಲೆ ಯುರೋಪಿನಲ್ಲಿ ಬಹಳ ಹೆಸರು ಮಾಡಿತು.

ಈ ಚಿತ್ರಗಳನ್ನು ನೋಡಿದರೆ ಖುಷಿಯೂ ಆಗುತ್ತೆ, ಏನೋ ಕಸಿವಿಸಿಯೂ ಆಗುತ್ತೆ. ಬೆಟ್ಟ, ಕೋಟೆ, ಗೋರಿ, ಮಂಟಪ ಎಲ್ಲಾ ಇವೆ. ಜನ? ಇದ್ದಾರೆ, ಮೂಲೆಯಲ್ಲಿ, ಬೆರಳುಗಾತ್ರದಲ್ಲಿ. ಬಹಳಷ್ಟು ಕಡೆ ಅವರ ಕೆಲಸ ಒಂದೇ, ಹಿಂದಿನ ಗೋಡೆ ಎಷ್ಟು ಎತ್ತರ ಅಂತ ತೋರಿಸೋದು. ಅದೇ ಹೋಮ್, ಟಿಪ್ಪುವಿನ ಮಕ್ಕಳನ್ನು ಒತ್ತೆಯಾಗಿ ಒಪ್ಪಿಸೋ ದೊಡ್ಡ ಚಿತ್ರ ಬರೆದಾಗ, ಕಂಕುಳಲ್ಲಿ ಚಿತ್ರದ ಕಟ್ಟು ಇಟ್ಟುಕೊಂಡ ತನ್ನನ್ನೂ ಅದರ ಒಂದು ಅಂಚಿನಲ್ಲಿ ಸೇರಿಸಿಕೊಂಡ. ಬರೆಯುವವನಿಗೆ ಮುಖ ಇದೆ, ಬರೆಸಿಕೊಂಡ ನಾಡಿನ ಜನಕ್ಕೆ ಇಲ್ಲ.

1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರದಿಂದ ಹಿಂದಿರುಗಬೇಕಾಯ್ತು. ಮೇವಿಲ್ಲದೆ ಎತ್ತುಗಳು ಸತ್ತವು, ಎಳೆಯೋಕೆ ಎತ್ತಿಲ್ಲ ಅಂತ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿದ. ಮತ್ತೆ ಸುಧಾರಿಸಿಕೊಂಡಿದ್ದರಲ್ಲಿ, ಎತ್ತಿನ ಮೇಲೆ ಧಾನ್ಯ ಹೇರಿಕೊಂಡು ಬಂದ ಬಂಜಾರರ ಪಾಲೂ ದೊಡ್ಡದು. ಲಂಡನ್ನಿನಲ್ಲಿ ಮಾರಾಟವಾದ ಪುಸ್ತಕಗಳಲ್ಲಿ ಮಾತ್ರ ಸಾವನದುರ್ಗ, ಶಿವಗಂಗೆಗಳೇ ಮೆರೆದವು.

ಇನ್ನೊಂದು ಥರದ ಪ್ರಯತ್ನವೂ ನಡೆಯಿತು. 1799ರಲ್ಲಿ ಟಿಪ್ಪು ಸತ್ತ ಮೇಲೆ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೇ ಶುರು ಮಾಡಿದ. ಗಡಿ, ಕೆರೆ, ಊರುಗಳ ಲೆಕ್ಕದ ಜೊತೆ ಶಾಸನ, ವೀರಗಲ್ಲು, ದೇವಸ್ಥಾನಗಳ ಚಿತ್ರಗಳನ್ನೂ ಸೇರಿಸಿದ. ಅವನಿಗೆ ಕಾವಲಿ ವೆಂಕಟ ಬೋರಯ್ಯ, ಲಕ್ಷ್ಮಯ್ಯ ಸಹೋದರರ ನೆರವಿತ್ತು. 1794ರಲ್ಲಿ ಶುರುವಾದ ಮದ್ರಾಸಿನ ಸರ್ವೇ ಶಾಲೆಯಲ್ಲಿ ಕಲಿತ ಹುಡುಗರೂ ಇದ್ದರು. ಆದರೂ ಕಾಗದದ ಕೊನೆಯ ಒಡೆತನ ಕಂಪನಿಯದ್ದೇ. ಆ ಹಾಳೆಗಳಲ್ಲಿ ಎಷ್ಟೋ ಇವತ್ತಿಗೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ.

ನಮ್ಮವರೇ ನಮ್ಮ ಬೀದಿಯನ್ನು ನೋಡಿ ಬರೆಯೋ ಕಾಲ ಬರೋಕೆ ಇನ್ನೂ ನೂರು ವರ್ಷಕ್ಕಿಂತ ಹೆಚ್ಚು ಬೇಕಾಯ್ತು. ಮೈಸೂರಿನಲ್ಲಿ 1921ರಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಬೀದಿಯ ಜನ, ಮನೆ ಮುಂದಿನ ಕಾಗೆ ನೋಡಿ ಬರೆದೇ ಕೈ ಪಳಗಿಸಿಕೊಂಡರು. ಬಾಂಬೆಯ ಜೆ.ಜೆ. ಶಾಲೆ ಸೀಟು ಕೊಡಲಿಲ್ಲ, ನಮ್ಮ 'ಕೊರವಂಜಿ' ಜಾಗ ಕೊಟ್ಟಿತು. ಉಡುಪಿ ಹತ್ತಿರದ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಒಂದೆರಡು ಗೆರೆಯಲ್ಲಿ ಕುಣಿಯೋ ಮೈಯನ್ನು ಹಿಡಿದರು. ದೊಡ್ಡಬಳ್ಳಾಪುರದಲ್ಲಿ 1910ರಲ್ಲಿ ಹುಟ್ಟಿದ ರುಮಾಲೆ ಚನ್ನಬಸವಯ್ಯನವರು ಸ್ವಾತಂತ್ರ್ಯ ಹೋರಾಟಕ್ಕಾಗಿ ಕುಂಚ ಪಕ್ಕಕ್ಕಿಟ್ಟು, ನಡುವಯಸ್ಸು ದಾಟಿದ ಮೇಲೆ ಮತ್ತೆ ಹಿಡಿದು, ಬೆಂಗಳೂರಿನ ಹೂಬಿಟ್ಟ ಮರಗಳ ಎದುರೇ ನಿಂತು ಬಣ್ಣ ಹಚ್ಚಿದರು. ಇವರ ಚಿತ್ರಗಳನ್ನು ಯಾವ ಸೈನ್ಯವೂ ಕೇಳಿರಲಿಲ್ಲ.

2007ರಲ್ಲಿ ಸಿಯಾಟಲ್‌ನ ಪತ್ರಕರ್ತ ಗೇಬ್ರಿಯಲ್ ಕ್ಯಾಂಪನಾರಿಯೋ 'ಅರ್ಬನ್ ಸ್ಕೆಚರ್ಸ್' ಶುರು ಮಾಡಿದ. ನಿಯಮ ಸರಳ: ಜಾಗದಲ್ಲೇ ಕೂತು ಬರೀಬೇಕು, ಕಂಡದ್ದಕ್ಕೆ ನಿಷ್ಠೆ ಇರಬೇಕು. ಕೋಲ್‌ಬ್ರೂಕ್ ಹೇಳಿದ 'ಸ್ಥಳದಲ್ಲೇ ಬರೆದದ್ದು' ಅನ್ನೋ ಮಾತು ಎರಡು ಶತಮಾನದ ನಂತರ ಜನಸಾಮಾನ್ಯರ ಕೈಗೆ ಬಂತು. ಬೆಂಗಳೂರಲ್ಲೂ ಭಾನುವಾರ ಪಾರ್ಕು, ಮಾರ್ಕೆಟ್ಟಿನಲ್ಲಿ ಹೀಗೆ ಕೂತು ಬರೆಯೋರು ಸಿಗ್ತಾರೆ.

ಇದನ್ನೆಲ್ಲ ಹೇಳಿದ್ದು ನಮ್ಮ ಕಡೆಯ ಸಲುವಾಗಿ. ಕೋಲಾರದಲ್ಲಿ ಹೈದರನ ತಂದೆ ಫತೇ ಮಹಮ್ಮದನ ಗೋರಿ ಇದೆ. 1782ರಲ್ಲಿ ಚಿತ್ತೂರಿನ ಹತ್ತಿರ ಸತ್ತ ಹೈದರನ ದೇಹವನ್ನೂ ಶ್ರೀರಂಗಪಟ್ಟಣಕ್ಕೆ ಒಯ್ಯೋ ಮೊದಲು ಅಲ್ಲೇ ಇಟ್ಟಿದ್ದರು. ಇಂಥದ್ದನ್ನು ಇತಿಹಾಸ ಮರೆಯಲ್ಲ. ಮಾಲೂರಿನ ಹಂಚಿನ ಕಾರ್ಖಾನೆ ಚಿಮಣಿಯ ಕತೆ ಹಾಗಲ್ಲ. ಆರ್‌ಸಿಸಿ ತಾರಸಿ ಬಂದು ಹಂಚು ಕೇಳೋರು ಕಡಿಮೆಯಾದರು, ಚಿಮಣಿ ಕೆಡವಿದರೆ ಅದಕ್ಕೆ ಸಾಕ್ಷಿ ಯಾರು? ಶ್ರೀನಿವಾಸಪುರದ ಮಂಡಿಯಲ್ಲಿ ಮಾವಿನ ರಾಶಿ ಪಕ್ಕ ಕೂತು ಕಾಯಿ ಬೇರ್ಪಡಿಸೋ ಹೆಂಗಸರು, ಮುಳಬಾಗಿಲಿನ ದೋಸೆ ಕಾವಲಿ ಮುಂದಿನ ಬೆವರು ಮುಖ, ಬೆಳಗಿನ ಮಾರಿಕುಪ್ಪಂ ರೈಲಲ್ಲಿ ನಿಂತೇ ನಿದ್ದೆ ಮಾಡೋ ಗಾರೆ ಕೆಲಸದವರು, ಇವರೆಲ್ಲ ಯಾರ ಚಿತ್ರದ ಮಧ್ಯಕ್ಕೆ ಬರ್ತಾರೆ?

ಫೋನಿದೆಯಲ್ಲ ಅಂತೀರಾ? ಫೋನು ಒಂದು ಕ್ಷಣದಲ್ಲಿ ಎದುರಿಗಿದ್ದದ್ದನ್ನೆಲ್ಲ ಬಾಚಿಕೊಳ್ಳುತ್ತೆ. ಬರೆಯೋನು ಅರ್ಧ ಗಂಟೆ ಕೂರಬೇಕು, ಅಷ್ಟರಲ್ಲಿ ಯಾರೋ ಬಂದು 'ಏನ್ ಬರೀತಿದ್ದೀರ ಸಾಮಿ?' ಅಂತ ಕೇಳ್ತಾರೆ, ಮಾತು ಶುರುವಾಗುತ್ತೆ. ಕಾರ್ನ್‌ವಾಲಿಸನ ಜೊತೆ ಬಂದವರ ಹಾಳೆಯಲ್ಲಿ ಇಲ್ಲದೇ ಹೋದದ್ದು ಈ ಮಾತೇ.

2018ರಲ್ಲಿ ಕೆ.ಸಿ. ವ್ಯಾಲಿ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು, ಆಮೇಲೆ ಒಂದೊಂದೇ ಕೆರೆ ತುಂಬಿದವು. ಆ ನೀರಿನ ಗುಣದ ಬಗ್ಗೆ ಜಗಳ ನಿಂತಿಲ್ಲ. ಅದಕ್ಕೂ ಮೊದಲು ಅದೇ ಕೆರೆಗಳಲ್ಲಿ ಜಾಲಿ ಬೆಳೆದು, ಹುಡುಗರು ಕ್ರಿಕೆಟ್ ಆಡ್ತಿದ್ದರು ಅಂದರೆ ಈಗಿನ ಒಂದನೇ ಕ್ಲಾಸಿನ ಮಗು ನಂಬಲ್ಲ. ಏರಿ ಮೇಲೆ ಕೂತು ಯಾರಾದ್ರೂ ಬರೆದ, ಮೂಲೆಯಲ್ಲಿ ತಾರೀಖು ಹಾಕಿದ ಒಂದು ಹಾಳೆ ಇದ್ದಿದ್ರೆ ತೋರಿಸಬಹುದಿತ್ತು. ಕೆರೆ ಈಗಲೂ ಅಲ್ಲೇ ಇದೆ. ಹತ್ತು ರೂಪಾಯಿ ಪೆನ್ಸಿಲ್ಲೂ ಸಿಗುತ್ತೆ.