ಛಾವಣಿ ಇದ್ದರೆ ಒಂದು ಬೆಲೆ, ಇಲ್ಲದಿದ್ದರೆ ಇನ್ನೊಂದು

1961ರ ಮಾರ್ಚ್ ತಿಂಗಳು. ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಮೋಟಾರು ಪ್ರದರ್ಶನ. ಇಂಗ್ಲೆಂಡಿನ ಜಾಗ್ವಾರ್ ಕಂಪನಿ ಅಲ್ಲಿ ತನ್ನ ಹೊಸ ಸ್ಪೋರ್ಟ್ಸ್ ಕಾರು 'ಇ-ಟೈಪ್' ಅನ್ನು ಜಗತ್ತಿನ ಮುಂದಿಟ್ಟಿತು. ಮೊದಲು ತೋರಿಸಿದ್ದು ಮುಚ್ಚಿದ ಮಾದರಿ, ಅಂದರೆ 'ಕೂಪೆ'. ಅದರಲ್ಲಿ ಕುಳಿತು ನೋಡಬೇಕೆಂದು ಪತ್ರಕರ್ತರು ಮುಗಿಬಿದ್ದರು. ಒಂದು ಕಾರು ಸಾಲದಾಯಿತು. ಕವೆಂಟ್ರಿಯ ಕಾರ್ಖಾನೆಗೆ ಸುದ್ದಿ ಹೋಯಿತು. ಪರೀಕ್ಷಾ ಚಾಲಕ ನಾರ್ಮನ್ ಡೂಯಿಸ್ ಇನ್ನೊಂದು ಕಾರನ್ನು ರಾತ್ರೋರಾತ್ರಿ ಓಡಿಸಿಕೊಂಡು ಜಿನೀವಾ ಸೇರಿದರು. ಈ ಎರಡನೆಯ ಕಾರಿಗೆ ಗಟ್ಟಿ ಛಾವಣಿ ಇರಲಿಲ್ಲ. ಮಡಚಿ ಹಿಂದಕ್ಕೆ ಸರಿಸಬಹುದಾದ ಬಟ್ಟೆಯ ಹೊದಿಕೆ ಮಾತ್ರ.

ಆಗ ಇಂಗ್ಲೆಂಡಿನಲ್ಲಿ ತೆರೆದ ಇ-ಟೈಪ್‌ನ ಬೆಲೆ ತೆರಿಗೆ ಸೇರಿ ಸುಮಾರು 2,100 ಪೌಂಡು, ಕೂಪೆಯದು ಸುಮಾರು 2,200 ಪೌಂಡು. ಛಾವಣಿಗಾಗಿ ಗಿರಾಕಿ ನೂರು ಪೌಂಡು ಹೆಚ್ಚು ತೆರಬೇಕಿತ್ತು. ಇಂದು ಹಳೆಯ ಕಾರುಗಳ ಮಾರುಕಟ್ಟೆಗೆ ಹೋಗಿ ವಿಚಾರಿಸಿದರೆ ಲೆಕ್ಕ ತಿರುವುಮುರುವು. ಸಾಮಾನ್ಯವಾಗಿ ತೆರೆದ ಕಾರಿಗೇ ಹೆಚ್ಚಿನ ಬೆಲೆ. ಹೀಗೇಕಾಯಿತು? ಇದರಿಂದ ಹಳೆಯ ಕಾರುಗಳಿಗೆ ಆದ ನಷ್ಟವೇನು?

ಸಾರೋಟಿನಿಂದ ಬಂದ ಹೆಸರು

'ಕೂಪೆ' ಎಂಬುದು ಫ್ರೆಂಚ್ ಪದ. ಅರ್ಥ, 'ಕತ್ತರಿಸಿದ್ದು'. ಎದುರುಬದುರು ಎರಡು ಸೀಟುಗಳಿದ್ದ ಸಾರೋಟಿನಲ್ಲಿ ಒಂದು ಸೀಟನ್ನು ಕತ್ತರಿಸಿ ತೆಗೆದು, ಇಬ್ಬರೇ ಕೂರುವಂತೆ ಮಾಡಿದ ಚಿಕ್ಕ ಮುಚ್ಚುಗಾಡಿಗೆ ಈ ಹೆಸರು ಬಂತು. ತೆರೆದ ಕಾರಿಗಿರುವ 'ರೋಡ್‌ಸ್ಟರ್' ಎಂಬ ಹೆಸರೂ ಮೊದಲು ದಾರಿ ಸವಾರಿಯ ಕುದುರೆಯದಾಗಿತ್ತು.

ಮೋಟಾರು ಕಾರು ಹುಟ್ಟಿದ ಕಾಲಕ್ಕೆ ಬಹುತೇಕ ಕಾರುಗಳು ತೆರೆದವೇ. ಮೇಲೊಂದು ಗಟ್ಟಿ ಮಾಡು ಕಟ್ಟಿ, ಗಾಜು ಕೂರಿಸುವುದು ಖರ್ಚಿನ ಬಾಬ್ತು; ಅದು ಸಿರಿವಂತರ ಪಾಲು. 1920ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದಲ್ಲಿ ಮುಚ್ಚಿದ ಕಾರುಗಳೇ ಬಹುಸಂಖ್ಯೆಯಲ್ಲಿ ತಯಾರಾಗತೊಡಗಿದವು. ಅಂದಿನಿಂದ ತೆರೆದ ಕಾರು ಬಡವನ ಅನಿವಾರ್ಯತೆಯಾಗಿ ಉಳಿಯದೆ ಶೋಕಿಯ ವಸ್ತುವಾಯಿತು.

ಎರಡು ಪಂಥ

ಹಳೆಯ ಸ್ಪೋರ್ಟ್ಸ್ ಕಾರಿನ ಪ್ರೇಮಿಗಳಲ್ಲಿ ಎರಡು ಪಂಥಗಳಿವೆ. ಗಾಳಿ, ಬಿಸಿಲು, ಎಂಜಿನ್ನಿನ ಸದ್ದು ನೇರವಾಗಿ ಮೈಗೆ ತಾಗದಿದ್ದರೆ ಅದೆಂಥ ಸ್ಪೋರ್ಟ್ಸ್ ಕಾರು ಎನ್ನುವುದು ತೆರೆದ ಕಾರಿನವರ ವಾದ. ಕೂಪೆಯ ಒಡೆಯರು ಎಂಜಿನಿಯರಿಂಗ್‌ನ ಮಾತೆತ್ತುತ್ತಾರೆ. ಚಪ್ಪಲಿಯ ರಟ್ಟಿನ ಪೆಟ್ಟಿಗೆಯನ್ನು ಮುಚ್ಚಳ ತೆಗೆದು ಎರಡೂ ತುದಿ ಹಿಡಿದು ತಿರುಚಿ ನೋಡಿ, ಸುಲಭವಾಗಿ ಸೊಟ್ಟಗಾಗುತ್ತದೆ. ಮುಚ್ಚಳ ಅಂಟಿಸಿದರೆ ಅಷ್ಟು ಸುಲಭವಾಗಿ ಬಗ್ಗದು. ಕಾರಿನ ಛಾವಣಿ ಮಾಡುವ ಕೆಲಸವೂ ಇದೇ. ಛಾವಣಿ ಇಲ್ಲದ ಹಳೆಯ ಕಾರು ಹಾಳು ರಸ್ತೆಯಲ್ಲಿ ಹೋದಾಗ ಮುಂದಿನ ಗಾಜಿನ ಚೌಕಟ್ಟು ಅದುರುವುದು ಅದಕ್ಕೇ. ಕೆಳಗಿನ ತಗಡು ತುಕ್ಕು ಹಿಡಿದಿದ್ದರಂತೂ ಕಾರು ನಡುವೆ ಕುಸಿದು ಬಾಗಿಲುಗಳು ಸರಿಯಾಗಿ ಮುಚ್ಚುವುದೂ ಇಲ್ಲ.

ವೇಗದಲ್ಲಿಯೂ ಕೂಪೆ ಹಿಂದಿಲ್ಲ. ವಿಮಾನ ಉದ್ಯಮದಿಂದ ಬಂದಿದ್ದ ಮಾಲ್ಕಂ ಸೇಯರ್ ಅವರು ಗಾಳಿಯ ಹರಿವನ್ನು ಲೆಕ್ಕ ಹಾಕಿ ಇ-ಟೈಪ್‌ಗೆ ರೂಪ ಕೊಟ್ಟವರು. ಬೆನ್ನಿನ ಇಳಿಜಾರಿನ ಮೇಲೆ ಗಾಳಿ ನುಣ್ಣಗೆ ಜಾರಿಹೋಗುವ ಕೂಪೆ, ಪರೀಕ್ಷೆಯಲ್ಲಿ ಗಂಟೆಗೆ 150 ಮೈಲಿ, ಎಂದರೆ ಸುಮಾರು 240 ಕಿ.ಮೀ. ವೇಗ ಮುಟ್ಟಿತ್ತು. ಇನ್ನು ಮಳೆ ಬಂದರೆ ಬಟ್ಟೆಯ ಹೊದಿಕೆಯ ಅಂಚಿನಿಂದ ನೀರು ತೊಟ್ಟಿಕ್ಕುತ್ತದೆ. ಹಿಂಬದಿಯ ಪ್ಲಾಸ್ಟಿಕ್ ಕಿಟಕಿ ಹಳದಿಗಟ್ಟುತ್ತದೆ. ಕಳ್ಳನಿಗೆ ಒಂದು ಚಾಕು ಸಾಕು. ನಿತ್ಯ ಓಡಿಸುವವನಿಗೆ ಕೂಪೆಯೇ ಅನುಕೂಲ ಎಂಬುದರಲ್ಲಿ ಸಂಶಯವಿಲ್ಲ.

ಆದರೆ ನಿತ್ಯದ ಕಾರು ಹಳೆಯದಾಗಿ ರಜಾದಿನದ ಕಾರಾದಾಗ ಈ ಅನುಕೂಲಗಳಿಗೆ ಬೆಲೆ ಉಳಿಯುವುದಿಲ್ಲ. ಬಿಸಿಲು ಬಿದ್ದ ಭಾನುವಾರವಷ್ಟೇ ಹೊರತೆಗೆಯುವ ಕಾರಿಗೆ ಛಾವಣಿ ಏಕೆ? ಬೆಲೆಯ ಲೆಕ್ಕ ತಲೆಕೆಳಗಾಗಲು ಇದು ಮೊದಲ ಕಾರಣ.

ಬಾರದ ನಿಷೇಧದ ಭಯ

ಎರಡನೆಯ ಕಾರಣ ಅಮೆರಿಕದಲ್ಲಿದೆ. 1960ರ ದಶಕದಲ್ಲಿ ಅಲ್ಲಿ ರಸ್ತೆ ಸುರಕ್ಷತೆಯ ಚರ್ಚೆ ಬಿಸಿಯೇರಿತು. ಕಾರು ಪಲ್ಟಿಯಾದರೆ ಒಳಗಿದ್ದವರ ಗತಿಯೇನು ಎಂಬ ಪ್ರಶ್ನೆ ಎದ್ದಾಗ, ತೆರೆದ ಕಾರುಗಳಿಗೆ ಸರ್ಕಾರ ನಿಷೇಧ ಹೇರೀತು ಎಂದು ತಯಾರಕರು ಅಂಜಿದರು. ಪೋರ್ಷೆ ಕಂಪನಿ 1965ರಲ್ಲಿ ಸೀಟಿನ ಹಿಂದೆ ಉಕ್ಕಿನ ಕಮಾನಿದ್ದು ಮೇಲ್ಭಾಗ ಮಾತ್ರ ಕಳಚಬಹುದಾದ 'ಟಾರ್ಗಾ' ಮಾದರಿಯನ್ನು ತೋರಿಸಿತು. ಬ್ರಿಟನ್ನಿನ ಟ್ರಯಂಫ್ ಕಂಪನಿಯ ಟಿಆರ್-7 ಕಾರು 1975ರಲ್ಲಿ ಬಂದಾಗ ಕೂಪೆ ಮಾತ್ರವಾಗಿತ್ತು. 1976ರ ಕ್ಯಾಡಿಲಾಕ್ ಎಲ್ಡೊರಾಡೊ ಅಮೆರಿಕದ ಕಟ್ಟಕಡೆಯ ಕನ್ವರ್ಟಿಬಲ್ ಎಂದು ಪ್ರಚಾರವಾಯಿತು. ಮುಂದೆ ಬೆಲೆ ಏರುತ್ತದೆಂದು ಅದನ್ನು ಕೊಂಡು ಷೆಡ್ಡಿನಲ್ಲಿ ಮುಚ್ಚಿಟ್ಟವರೂ ಇದ್ದರು.

ಸ್ವಾರಸ್ಯವೆಂದರೆ, ಆ ನಿಷೇಧ ಬರಲೇ ಇಲ್ಲ. ಷೆಡ್ಡಿನ ಕಾರುಗಳ ಲೆಕ್ಕಾಚಾರ ಕೆಡಿಸಿ 1982ರಲ್ಲಿ ಕ್ರೈಸ್ಲರ್ ಮತ್ತೆ ಕನ್ವರ್ಟಿಬಲ್ ತಂದಿತು. ಆದರೆ ನಡುವಿನ ವರ್ಷಗಳಲ್ಲಿ, ಇನ್ನು ಮುಂದೆ ಸಿಗದ ವಸ್ತು ಎಂಬ ಭಾವನೆ ಹಳೆಯ ತೆರೆದ ಕಾರುಗಳಿಗೆ ಅಂಟಿಕೊಂಡಿತ್ತು.

ಗರಗಸದ ಕಾಲ

ಬೆಲೆಯ ಅಂತರ ಹಿಗ್ಗಿದಾಗ ಕೆಲವರು ಗರಗಸ ಹಿಡಿದರು. ಅತಿ ಪ್ರಸಿದ್ಧ ಉದಾಹರಣೆ ಫೆರಾರಿಯ 'ಡೇಟೋನಾ'. 1968ರಿಂದ 1973ರವರೆಗೆ ತಯಾರಾದ ಈ ಕಾರಿನ ಕೂಪೆಗಳು 1,200ಕ್ಕೂ ಹೆಚ್ಚು. ಕಾರ್ಖಾನೆಯಿಂದಲೇ ತೆರೆದ ಕಾರಾಗಿ ಬಂದವು 120ರ ಆಸುಪಾಸು ಮಾತ್ರ. ಹೀಗಾಗಿ ಎಷ್ಟೋ ಕೂಪೆಗಳ ಛಾವಣಿ ಕತ್ತರಿಸಿ ಅವನ್ನು ತೆರೆದ ಕಾರುಗಳನ್ನಾಗಿ ಮಾಡಲಾಯಿತು. ಜಾಗ್ವಾರ್ ಇ-ಟೈಪ್‌ನ ಕೂಪೆಗಳಿಗೂ ಇದೇ ಗತಿ ಬಂತು.

ಆದರೆ ಛಾವಣಿ ಕತ್ತರಿಸಿದರೂ ಕಾರಿನ ಜಾತಕ ಬದಲಾಗದು. ಬಲಬದಿ ಸ್ಟಿಯರಿಂಗ್‌ನ ಮೊದಲ 3.8 ಲೀಟರ್ ಇ-ಟೈಪ್‌ಗಳಲ್ಲಿ ತೆರೆದ ಕಾರಿನ ಷಾಸಿ ಸಂಖ್ಯೆ 850001ರಿಂದಲೂ, ಕೂಪೆಯದು 860001ರಿಂದಲೂ ಶುರುವಾಗುತ್ತದೆ. ಆ ಸಂಖ್ಯೆ ನೋಡಿದ ಜಾಣ ಗಿರಾಕಿಗೆ ಕಾರು ಹುಟ್ಟಿದ್ದು ಹೇಗೆ ಎಂದು ತಕ್ಷಣ ತಿಳಿಯುತ್ತದೆ. ಸಂಗ್ರಾಹಕರು ಈಗ 'ಮೂಲ ಸ್ವರೂಪ'ಕ್ಕೆ ಬೆಲೆ ಕೊಡುತ್ತಾರೆ. ಕತ್ತರಿಸಿದ ಡೇಟೋನಾ ಕಾರ್ಖಾನೆಯ ತೆರೆದ ಡೇಟೋನಾಕ್ಕೆ ಬೆಲೆಯಲ್ಲಿ ಹತ್ತಿರವೂ ಸುಳಿಯದು. ಲಾಭಕ್ಕೆಂದು ಹೊರಟವರು ಒಂದು ಒಳ್ಳೆಯ ಕೂಪೆಯನ್ನು ಕಳೆದರು. ಅಸಲಿ ತೆರೆದ ಕಾರು ಅವರಿಗೆ ದಕ್ಕಲಿಲ್ಲ.

ರೆಕ್ಕೆಯ ಬಾಗಿಲು

ಹಾಗಾದರೆ ತೆರೆದ ಕಾರೇ ಯಾವತ್ತೂ ಮೇಲೇ? ಅಲ್ಲ ಎನ್ನುತ್ತದೆ ಮರ್ಸಿಡಿಸ್ 300 ಎಸ್‌ಎಲ್. 1954ರಲ್ಲಿ ನ್ಯೂಯಾರ್ಕಿನಲ್ಲಿ ತೋರಿಸಿದ ಈ ಕೂಪೆಯ ಉಕ್ಕಿನ ಕೊಳವೆಗಳ ಚೌಕಟ್ಟು ಎರಡೂ ಪಕ್ಕದಲ್ಲಿ ಎತ್ತರಕ್ಕಿತ್ತು. ಮಾಮೂಲಿ ಬಾಗಿಲು ಇಡಲು ಜಾಗವಿರಲಿಲ್ಲ. ಅದಕ್ಕಾಗಿ ಬಾಗಿಲನ್ನು ಛಾವಣಿಗೆ ತೂಗುಹಾಕಿ ಮೇಲಕ್ಕೆ ತೆರೆಯುವಂತೆ ಮಾಡಿದರು. ಹಕ್ಕಿ ರೆಕ್ಕೆ ಬಿಚ್ಚಿದಂತೆ ಕಾಣುವ ಆ ಬಾಗಿಲೇ ಕಾರಿನ ಗುರುತಾಯಿತು. 1957ರವರೆಗೆ 1,400 ಕೂಪೆಗಳು ತಯಾರಾದವು. ನಂತರ 1963ರವರೆಗೆ 1,858 ತೆರೆದ ಕಾರುಗಳು. ತೆರೆದದ್ದು ಹತ್ತಿ ಇಳಿಯಲು ಸುಲಭ, ತಿರುವುಗಳಲ್ಲಿ ಹೆಚ್ಚು ವಿಧೇಯ. ಆದರೂ ಬೆಲೆಯಲ್ಲಿ ಕೂಪೆ ಅದಕ್ಕೆ ಸೋತಿಲ್ಲ. ಅನೇಕ ಸಲ ಮೀರಿಸಿದೆ. ಇಲ್ಲಿ ಛಾವಣಿ ಕತ್ತರಿಸಿದರೆ ಬಾಗಿಲೇ ಇಲ್ಲವಾಗುತ್ತದೆ, ಕಾರಿನ ಕಥೆಯೂ ಇಲ್ಲವಾಗುತ್ತದೆ.

ಕೊನೆಗೂ ಸಂಗ್ರಾಹಕ ಬೆಲೆ ತೆರುವುದು ಅಪರೂಪಕ್ಕೆ ಮತ್ತು ಕಥೆಗೆ. ಅಪರೂಪ ಯಾವುದು ಎಂಬ ಅಭಿಪ್ರಾಯ ಮೂವತ್ತು ವರ್ಷಕ್ಕೊಮ್ಮೆ ಬದಲಾದೀತು. ಇಂದು ಅಗ್ಗವಾಗಿ ಸಿಗುವ ಕೂಪೆಯನ್ನು ಕತ್ತರಿಸದೆ ಹಾಗೆಯೇ ಉಳಿಸಿಕೊಂಡವನು, ತನಗೆ ತಿಳಿಯದೆಯೇ, ಮುಂದಿನವರಿಗೆ ಒಂದು ದಾಖಲೆಯನ್ನು ಕಾಪಾಡಿದಂತಾಗುತ್ತದೆ. ಬಟ್ಟೆಯ ಹೊದಿಕೆ ಹರಿದರೆ ಹೊಸದು ಹೊಲಿಸಬಹುದು. ಕತ್ತರಿಸಿದ ಛಾವಣಿಯನ್ನು ಬೆಸುಗೆ ಹಾಕಿ ಮತ್ತೆ ಕೂರಿಸಬಹುದೇ ಹೊರತು, ಅದು ಹುಟ್ಟಿದಾಗಿನ ಛಾವಣಿಯಾಗದು.