ಉರಿಗಾಂ

ಉರಿಗಾಂ: ಕೋಲಾರ ಜಿಲ್ಲೆಯ ಕೋಲಾರ ಚಿನ್ನದ ಗಣಿ (ಕೆಜಿಎಫ್) ಪ್ರದೇಶದ ಹಳೆಯ ಗಣಿಪಟ್ಟಣ, ರೈಲು ನಿಲ್ದಾಣ. ಬಂಗಾರಪೇಟೆ–ಮಾರಿಕುಪ್ಪಂ ಕವಲು ಹಳಿಯಲ್ಲಿ ಕೋರಮಂಡಲ್ ಮತ್ತು ಚಾಂಪಿಯನ್ ನಿಲ್ದಾಣಗಳ ನಡುವೆ ಇದೆ. ಇಲ್ಲಿ ಪ್ರಾಚೀನ ಕಾಲದಿಂದಲೂ ಚಿನ್ನ ತೆಗೆಯಲಾಗುತ್ತಿತ್ತು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಾಲಿಟ್ಟ ಮೇಲೆ ಯಂತ್ರಾಧಾರಿತ ಗಣಿಗಾರಿಕೆ ಬೆಳೆಯಿತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ಗಣಿಗಳಿಗೆ ವಿದ್ಯುತ್ ಒದಗಿಸಲಾಯಿತು; ಆ ಕಾಲಕ್ಕೆ ಇದು ಅಸಾಧಾರಣ ಸಾಧನೆ.

ಹಳೆಯ ವಸತಿ ಎರಡು ಬಗೆಯದು: ವಿಶಾಲ ತೋಟಗಳ ನಡುವಿನ ಬ್ರಿಟಿಷ್ ಅಧಿಕಾರಿಗಳ ಬಂಗಲೆಗಳು, ಕಾರ್ಮಿಕರ ಇಕ್ಕಟ್ಟಾದ ಲೈನು ಮನೆಗಳು. ಕಾರ್ಮಿಕರಲ್ಲಿ ಬಹುಪಾಲು ತಮಿಳು ಪ್ರದೇಶದಿಂದ ಬಂದವರಾದ್ದರಿಂದ ಇಲ್ಲಿ ತಮಿಳು ವ್ಯಾಪಕವಾಗಿದೆ. ಕನ್ನಡ, ತೆಲುಗು, ಉರ್ದು ಮಾತುಗಳೂ ಬಳಕೆಯಲ್ಲಿವೆ. ಬಂಗಲೆ, ಚರ್ಚು, ಬಾವಿಮೇಲಿನ ಕಬ್ಬಿಣದ ಗೋಪುರಗಳು, ಅದಿರಿನ ಪುಡಿ ರಾಶಿಯಾದ ಸಯನೈಡ್ ದಿಬ್ಬಗಳು ಇಂದಿನ ನೋಟ. ಕಾರ್ಮಿಕರ ಲೈನುಗಳನ್ನು ನೋಡದೆ ಬಂಗಲೆಗಳನ್ನಷ್ಟೇ ನೋಡಿದರೆ ಪಟ್ಟಣದ ಚರಿತ್ರೆ ಅರ್ಧವೇ ಸಿಗುತ್ತದೆ. ನೆರೆಯ ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗೂ ಹೆಚ್ಚು ಆಳವಿದ್ದು, 1965ರಲ್ಲಿ ಕೆಜಿಎಫ್ ಗಣಿಯಾಳದಲ್ಲಿ ವಾಯುಮಂಡಲದ ನ್ಯೂಟ್ರಿನೊಗಳು ಪತ್ತೆಯಾದವು. ಭಾರತ್ ಗೋಲ್ಡ್ ಮೈನ್ಸ್ ನಡೆಸುತ್ತಿದ್ದ ಗಣಿಗಾರಿಕೆ 2001ರ ಫೆಬ್ರವರಿ 28ರಂದು ನಿಂತಿತು.