ಮುಕ್ತಿಸದನದ ಪ್ರಾರ್ಥನೆ

‘ಉಜ್ಜೀವನ’ ಎಂಬ ಮಾತನ್ನು ಕನ್ನಡ ಕ್ರೈಸ್ತರು ಒಂದು ವಿಶೇಷಾರ್ಥದಲ್ಲಿ ಬಳಸುತ್ತಾರೆ. ಹೊಸಬರು ಸಭೆಗೆ ಸೇರುವುದು ಅದರ ಮುಖ್ಯಾರ್ಥವಲ್ಲ. ರೂಢಿಯಲ್ಲಿ ತಣ್ಣಗಾಗಿದ್ದ ಭಕ್ತಿ ಮತ್ತೆ ಜೀವ ತಳೆದು, ಜನ ತಮ್ಮ ತಪ್ಪುಗಳನ್ನು ಎಲ್ಲರೆದುರು ಒಪ್ಪಿಕೊಂಡು, ನಡತೆಯನ್ನು ತಿದ್ದಿಕೊಳ್ಳಲು ಹೊರಡುವುದೇ ಉಜ್ಜೀವನ. ಇಂಥ ಘಟನೆಗಳ ವೃತ್ತಾಂತವನ್ನು ಓದುವಾಗ, ಅವುಗಳ ಹಿಂದೆ ಕೆಲವರು ಬಹುಕಾಲ ತಪ್ಪದೆ ನಡೆಸಿಕೊಂಡು ಬಂದ ಪ್ರಾರ್ಥನೆ ಕಾಣಸಿಗುತ್ತದೆ. ಪ್ರಾರ್ಥನೆಯಿಂದ ಉಜ್ಜೀವನ ಹೇಗೆ ಉಂಟಾಗುತ್ತದೆ? ಭಕ್ತರಿಗೆ ಅದು ದೇವರ ಕೃಪೆ. ಆ ವಿಷಯದಲ್ಲಿ ತೀರ್ಪು ಹೇಳುವುದು ನನ್ನ ಅಧಿಕಾರಕ್ಕೆ ಮೀರಿದ್ದು. ಆದರೆ ಪ್ರಾರ್ಥಿಸಿದವರು ಯಾರು, ಹೇಗೆ ಪ್ರಾರ್ಥಿಸಿದರು, ಅನಂತರ ಏನು ಮಾಡಿದರು ಎಂಬುದನ್ನು ಇತಿಹಾಸ ವಿಚಾರಿಸಬಹುದಷ್ಟೆ.

ಇದಕ್ಕೆ ನಾನು ಆರಿಸಿಕೊಂಡಿರುವ ನಿದರ್ಶನ ನಮ್ಮ ಚಿಂಚೋಳಿಯ ಸೀಮೆಗೆ ತೀರ ದೂರದ್ದಲ್ಲ. ಕಲಬುರಗಿಯಲ್ಲಿ ಪುಣೆಯ ಕಡೆಗೆ ರೈಲು ಹತ್ತಿದರೆ ಸೊಲ್ಲಾಪುರ, ದೌಂಡ್‌ಗಳನ್ನು ದಾಟಿದ ಮೇಲೆ ಕೇಡಗಾಂವ್ ಎಂಬ ನಿಲ್ದಾಣ ಬರುತ್ತದೆ. ಪಂಡಿತಾ ರಮಾಬಾಯಿಯವರ ಮುಕ್ತಿಸದನ ಇರುವುದು ಅಲ್ಲಿ. 1905ರಲ್ಲಿ ಅಲ್ಲಿ ಉಂಟಾದ ಉಜ್ಜೀವನದ ವಾರ್ತೆ ಸಮುದ್ರಗಳನ್ನು ದಾಟಿ ಹೋಯಿತು.

ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ನಾಡಿನ ತುಂಗೆ, ಭದ್ರೆಯರ ಉಗಮಸ್ಥಾನವಾದ ಗಂಗಾಮೂಲದ ಕಾಡಿನಲ್ಲಿ. ಹೆಂಡತಿಗೆ ಸಂಸ್ಕೃತ ಕಲಿಸಿದರೆಂಬ ಕಾರಣಕ್ಕೆ ಸ್ವಜನರ ಅಸಮಾಧಾನಕ್ಕೆ ಗುರಿಯಾದ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಅಲ್ಲಿ ನೆಲೆಸಿದ್ದರು. ಮುಂದೆ ಸಂಸಾರ ಪುರಾಣ ಹೇಳುತ್ತ ಊರೂರು ಅಲೆಯಿತು. ಎಪ್ಪತ್ತರ ದಶಕದ ಕ್ಷಾಮಕಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಉಳಿದ ಅಣ್ಣನೊಡನೆ ನಡೆದು 1878ರಲ್ಲಿ ಕಲ್ಕತ್ತೆಗೆ ಹೋದಾಗ ಅಲ್ಲಿನ ವಿದ್ವಾಂಸರು ಆಕೆಯ ಪಾಂಡಿತ್ಯಕ್ಕೆ ಬೆರಗಾಗಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನು ಕೊಟ್ಟರು. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ, 1882ರಲ್ಲಿ, ವೈಧವ್ಯ ಬಂದಿತು. ಮಗಳು ಮನೋರಮೆ ಆಗಿನ್ನೂ ಹಸುಳೆ. ಮರುವರ್ಷ ಇಂಗ್ಲೆಂಡಿನಲ್ಲಿ ಕ್ರೈಸ್ತದೀಕ್ಷೆ. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾಸದನ. ಆ ಸದನದಲ್ಲಿ ಧರ್ಮಪ್ರಚಾರ ನಡೆಯುತ್ತಿದೆಯೆಂದು 1893ರಲ್ಲಿ ರಾನಡೆ, ಭಾಂಡಾರಕರ್ ಮೊದಲಾದ ಹಿರಿಯರು ಅದರ ಸಲಹಾಮಂಡಲಿಯನ್ನು ತ್ಯಜಿಸಿದರು. 1896ರ ಮತ್ತು 1900ರ ಕ್ಷಾಮಗಳು ಬಂದಾಗ ರಮಾಬಾಯಿ ಬರಪೀಡಿತ ಪ್ರಾಂತಗಳಿಗೆ ಹೋಗಿ ನೂರಾರು ಅನಾಥ ಹೆಣ್ಣುಮಕ್ಕಳನ್ನು ಕರೆತಂದರು. ತಾವೇ ಹಸಿದು ಅಲೆದಿದ್ದವರಿಗೆ ಆ ಮಕ್ಕಳ ಹಸಿವನ್ನು ಯಾರೂ ಬಣ್ಣಿಸಿ ಹೇಳಬೇಕಾಗಿರಲಿಲ್ಲ.

1898ರಲ್ಲಿ ಇಂಗ್ಲೆಂಡಿನ ಕೆಸ್ವಿಕ್‌ನಲ್ಲಿ ಸೇರಿದ್ದ ದೊಡ್ಡ ಸಮ್ಮೇಳನದಲ್ಲಿ ಅವರು ಭಾರತದ ಕ್ರೈಸ್ತರಿಗಾಗಿ ಪ್ರಾರ್ಥಿಸಿರೆಂದು ಬೇಡಿದರು. ಆಸ್ಟ್ರೇಲಿಯದಲ್ಲಿ ಮನೆಮನೆಗಳ ಪ್ರಾರ್ಥನಾಕೂಟಗಳಿಂದ ಉಜ್ಜೀವನ ಉಂಟಾಯಿತೆಂದು ಕೇಳಿ, ಮನೋರಮೆಯನ್ನೂ ಸಹೋದ್ಯೋಗಿ ಮಿನ್ನಿ ಏಬ್ರಮ್ಸ್‌ರನ್ನೂ ಅಲ್ಲಿಗೆ ಕಳುಹಿಸಿದರು. ಅಷ್ಟರಲ್ಲಿ, 1904ರಲ್ಲಿ, ವೇಲ್ಸ್ ದೇಶದ ಉಜ್ಜೀವನದ ಸುದ್ದಿ ಬಂದಿತು. 1905ರ ಜನವರಿಯಲ್ಲಿ ರಮಾಬಾಯಿ ಮುಕ್ತಿಸದನದಲ್ಲಿ ದಿನವೂ ಬೆಳಗ್ಗೆ ಕೂಡಿ ಪ್ರಾರ್ಥಿಸಲು ಒಪ್ಪುವವರು ಬನ್ನಿರೆಂದು ಕರೆದರು. ಸುಮಾರು 70 ಮಂದಿ ಬಂದರು. ಜೂನ್ ವೇಳೆಗೆ ಆ ಸಂಖ್ಯೆ 500ನ್ನು ಮೀರಿತು. ಹಳ್ಳಿಗಳಿಗೆ ಹೋಗಿ ಸುವಾರ್ತೆ ಸಾರಲು ಯಾರು ಸಿದ್ಧರೆಂದು ಕೇಳಿದಾಗ 30 ಮಂದಿ ತರುಣಿಯರು ಮುಂದೆ ಬಂದು, ತಮಗೆ ಆ ಬಲ ದೊರಕಲೆಂದು ಪ್ರತ್ಯೇಕವಾಗಿ ಪ್ರಾರ್ಥಿಸತೊಡಗಿದರು.

ಜೂನ್ 29ರ ಇರುಳು ಕಳೆದು ಬೆಳಗಾಗುವ ಮುನ್ನ, ಅವರಲ್ಲೊಬ್ಬಳು ತನ್ನ ಮೇಲೆ ಬೆಂಕಿ ಇಳಿದಂತೆ ಕಂಡು ಕೂಗಿದಳು. ಜೊತೆಯವಳು ನೀರು ತರಲು ಓಡಿ, ತಂದು ಸುರಿಯಬೇಕೆನ್ನುವಷ್ಟರಲ್ಲಿ ಅದು ಸುಡುವ ಬೆಂಕಿಯಲ್ಲವೆಂದು ಕಂಡಳಂತೆ. ಇದು ಏಬ್ರಮ್ಸ್ ಬರೆದಿಟ್ಟ ವೃತ್ತಾಂತ. ಇದನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಮರುದಿನ ಸಂಜೆ ರಮಾಬಾಯಿ ಎಂದಿನ ಶಾಂತಸ್ವರದಲ್ಲಿ ಯೋಹಾನನ ಸುವಾರ್ತೆಯ ಎಂಟನೆಯ ಅಧ್ಯಾಯವನ್ನು ವಿವರಿಸುತ್ತಿದ್ದಾಗ, ಹುಡುಗಿಯರೆಲ್ಲ ಅಳುತ್ತ ಗಟ್ಟಿಯಾಗಿ ಪ್ರಾರ್ಥಿಸತೊಡಗಿದರು. ಪಂಡಿತೆ ತಮ್ಮ ಪ್ರವಚನವನ್ನು ನಿಲ್ಲಿಸಬೇಕಾಯಿತು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಅನ್ನಕ್ಕಾಗಿ ಒಬ್ಬರನ್ನು ಆಶ್ರಯಿಸಿದ ಅನಾಥರ ಪ್ರಾರ್ಥನೆ ಎಷ್ಟರಮಟ್ಟಿಗೆ ಸ್ವತಂತ್ರವಾದದ್ದು? ಆಶ್ರಯದಾತೆಯ ಇಷ್ಟವನ್ನು ಅರಿತು ಅತ್ತವರೂ ಅವರಲ್ಲಿ ಇದ್ದಿರಬಹುದು. ಆದರೆ ಒಂದನ್ನು ಗಮನಿಸಬೇಕು. ಬೆಳಗಿನ ಕೂಟಕ್ಕೆ ಬನ್ನಿರೆಂದು ಹೇಳುವುದು ರಮಾಬಾಯಿಯವರ ಕೈಯಲ್ಲಿತ್ತು. ಜೂನ್ 30ರ ಸಂಜೆ ನಡೆದದ್ದು ಯಾರ ಹಿಡಿತದಲ್ಲಿಯೂ ಇರಲಿಲ್ಲ. ಆ ಗದ್ದಲವನ್ನು ಕೆಲವು ಪಾಶ್ಚಾತ್ಯ ಮಿಷನರಿಗಳು ಮೆಚ್ಚಲಿಲ್ಲ. ರಮಾಬಾಯಿ ಅದನ್ನು ಅಡಗಿಸಲಿಲ್ಲ. ಭಾರತದ ಜನ ತಮ್ಮದೇ ರೀತಿಯಲ್ಲಿ ದೇವರನ್ನು ಕರೆಯಲಿ ಎಂಬ ನಿಲುವನ್ನೇ ತಳೆದರು.

ಈ ಘಟನೆಯ ತಿರುಳು ಇಲ್ಲಿಯೇ ಇದೆಯೆಂದು ನನ್ನ ಎಣಿಕೆ. ಕ್ಷಾಮದಲ್ಲಿ ಬದುಕುಳಿದ, ಮಾತಾಡಿದರೆ ಕೇಳುವವರೇ ಇಲ್ಲದಿದ್ದ ಹೆಣ್ಣುಮಕ್ಕಳು ಆರು ತಿಂಗಳು ದಿನವೂ ಒಂದೆಡೆ ಕುಳಿತು, ತಮ್ಮ ಮಾತನ್ನು ಆಲಿಸುವವನೊಬ್ಬನಿದ್ದಾನೆಂಬ ನಂಬಿಕೆಯಿಂದ ಬಾಯಿ ತೆರೆದರು. ಆ ಅಭ್ಯಾಸ ಅವರಿಗೆ ದನಿಯನ್ನು ಕೊಟ್ಟಿತು. ನೆರೆಯ ಬಸವಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಕಾಯಕದ ಜನ ಆಡುಮಾತಿನಲ್ಲಿಯೇ ದೇವರೊಡನೆ ಮಾತಿಗಿಳಿದಾಗ ಏನಾಯಿತೆಂಬುದನ್ನು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಎರಡೂ ಒಂದೇ ಎಂದು ನಾನು ಹೇಳುವುದಿಲ್ಲ. ಮತ ಬೇರೆ, ಕಾಲ ಬೇರೆ. ಆದರೆ ಭಕ್ತಿಗೆ ಸ್ವಂತದ ಮಾತು ಸಿಕ್ಕಾಗ ಅದು ಗುರುವಿನ ಅಪ್ಪಣೆಗಾಗಿ ಕಾಯುವುದಿಲ್ಲವೆಂಬುದು ಎರಡು ಕಡೆಯೂ ಕಾಣುತ್ತದೆ.

ಪ್ರಾರ್ಥನೆ ಅಲ್ಲಿ ಕೆಲಸವನ್ನು ನಿಲ್ಲಿಸಲಿಲ್ಲ. ಹೊಲ, ಮಗ್ಗ, ಅಚ್ಚುಕೂಟಗಳು ನಡೆದೇ ಇದ್ದವು. ತರುಣಿಯರು ತಂಡತಂಡವಾಗಿ ಸುತ್ತಲ ಹಳ್ಳಿಗಳಿಗೆ ಹೋದರು. ಏಬ್ರಮ್ಸ್ 1906ರಲ್ಲಿ ಬರೆದ ಕಿರುಹೊತ್ತಗೆ ದಕ್ಷಿಣ ಅಮೆರಿಕದ ಚಿಲಿ ದೇಶವನ್ನು ತಲುಪಿ, 1909ರಲ್ಲಿ ಅಲ್ಲಿ ಉಂಟಾದ ಉಜ್ಜೀವನಕ್ಕೆ ಪ್ರೇರಣೆಯಾಯಿತು. ನಮಗೆ ಅದಕ್ಕಿಂತ ಹತ್ತಿರದ ಫಲವೂ ಒಂದಿದೆ. ಆಗ ನಿಜಾಮರ ಆಳ್ವಿಕೆಯಲ್ಲಿದ್ದ, ಹೆಣ್ಣುಮಕ್ಕಳ ಓದಿಗೆ ಅನುಕೂಲವೇ ಕಡಮೆಯಾಗಿದ್ದ ಕಲಬುರಗಿಯಲ್ಲಿ 1912ರ ಸುಮಾರಿಗೆ ರಮಾಬಾಯಿ, ಮನೋರಮೆಯ ನೆರವಿನಿಂದ, ಶಾಲೆಯೊಂದನ್ನು ತೆರೆದರು.

ಮನೋರಮೆ 1921ರಲ್ಲಿ ತಾಯಿಗಿಂತ ಮೊದಲೇ ಕಣ್ಣುಮುಚ್ಚಿದರು. ಕೊನೆಯ ವರ್ಷಗಳಲ್ಲಿ ರಮಾಬಾಯಿ ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು, ಬೈಬಲ್ಲನ್ನು ಹಳ್ಳಿಯ ಹೆಂಗಸರಿಗೂ ತಿಳಿಯುವ ಮರಾಠಿಗೆ ತರುವ ಕಾರ್ಯದಲ್ಲಿ ತೊಡಗಿದ್ದರು. ಆ ಕೆಲಸ ಮುಗಿಯುತ್ತಿದ್ದಂತೆ, 1922ರ ಏಪ್ರಿಲ್ 5ರಂದು, ಅವರೂ ತೀರಿಕೊಂಡರು. ಆ ಅನುವಾದಕ್ಕೆ ಮುಕ್ತಿಸದನದ ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದವರು ಅಲ್ಲಿಯ ಹೆಣ್ಣುಮಕ್ಕಳೇ.